ಕಾಳು ವಿಂಗಡಿಸುವ ಮಕ್ಕಳು

ದಾವಣಗೆರೆಯ ನಮ್ಮ ಮನೆಯಲ್ಲಿ ಐದಾರು ವರ್ಷದ ಮಕ್ಕಳ ಮುಂದೆ ಮೆಕ್ಕೆಜೋಳ, ಶೇಂಗಾ, ತೊಗರಿ, ಅವರೆಗಳನ್ನು ಬೆರೆಸಿಟ್ಟು, ಒಂದೇ ಬಗೆಯವನ್ನು ಒಟ್ಟುಗೂಡಿಸಿ ಎಂದಷ್ಟೇ ಹೇಳುತ್ತೇನೆ. ಆಧಾರವನ್ನು ನಾವೇ ಸೂಚಿಸಬಾರದು. ಒಬ್ಬಳು ಬಣ್ಣವನ್ನು, ಇನ್ನೊಬ್ಬ ಗಾತ್ರವನ್ನು ಹಿಡಿದು ಹೊರಟಾಗ, ಒಂದೇ ಕಾಳು ಬೇರೆ ಬೇರೆ ಗುಂಪಿಗೆ ಸೇರಬಲ್ಲದೆಂಬುದು ಅವರಿಗೇ ಕಾಣುತ್ತದೆ. ರಾತ್ರಿ ನೆನೆಸಿಟ್ಟು ಮರುದಿನ ಸಿಪ್ಪೆ ಸುಲಿಸಿದರೆ ಶೇಂಗಾ, ತೊಗರಿ, ಅವರೆಗಳು ಎರಡು ಬೇಳೆಗಳಾಗಿ ಬಿಡಿಸಿಕೊಳ್ಳುತ್ತವೆ, ಮೆಕ್ಕೆಜೋಳ ಹಾಗೆ ಒಡೆಯುವುದಿಲ್ಲ. ಹೀಗೆ ದ್ವಿದಳ, ಏಕದಳಗಳೆಂಬ ಸಸ್ಯಶಾಸ್ತ್ರದ ವಿಭಾಗವು ಹೆಸರಿಗಿಂತ ಮೊದಲೇ ಅವರ ಬೆರಳುಗಳಿಗೆ ದಕ್ಕುತ್ತದೆ. ಆದರೆ "ಶೇಂಗಾ ಹೆಚ್ಚೋ, ಎಲ್ಲ ಕಾಳುಗಳೂ ಸೇರಿ ಹೆಚ್ಚೋ?" ಎಂದರೆ ಅನೇಕರು ತಡವರಿಸುತ್ತಾರೆ. ಉಪಗುಂಪು ದೊಡ್ಡ ಗುಂಪಿನೊಳಗೇ ಇದೆಯೆಂಬ ಗ್ರಹಿಕೆ ಸುಮಾರು 7 ವರ್ಷದ ನಂತರ ಬಲಿಯುತ್ತದೆಂದು ಮನಃಶಾಸ್ತ್ರಜ್ಞ ಜೀನ್ ಪಿಯಾಜೆ ಹೇಳಿದ್ದರು. ಆದ್ದರಿಂದ ಗದರದೆ, ಯಾಕೆ ಹೀಗೆ ಸೇರಿಸಿದೆ ಎಂದು ಕೇಳಿ ಉತ್ತರವನ್ನು ಪೂರ್ತಿ ಆಲಿಸಬೇಕು. ತೀರ ಚಿಕ್ಕವರಿಗೆ ಮಾತ್ರ, ಕಾಳು ಮೂಗಿಗೆ ಸೇರುವ ಅಪಾಯವಿರುವುದರಿಂದ, ಎಲೆಗಳನ್ನೇ ಕೊಡುತ್ತೇನೆ.