ಹಾಲವಾಣ ಚಿಗುರಿದ ಮೇಲೆ

ಜೂನ್ ತಿಂಗಳ ಭಾನುವಾರ. ಸಕಲೇಶಪುರದಲ್ಲಿ ಐದು ದಿನದಿಂದ ಮಳೆ ಬಿಟ್ಟಿರಲಿಲ್ಲ. ಪಾಚಿ ಕಟ್ಟಿದ ಹೆಂಚಿನ ಮಾಡಿನ ಮೇಲೆ ನಾನು, ಕೆಳಗೆ ಏಣಿ ಹಿಡಿದು ಮೊಬೈಲ್ ರಿಪೇರಿ ಅಂಗಡಿಯ ಗೆಳೆಯ, ಜಗಲಿಯಲ್ಲಿ ಲ್ಯಾಪ್‌ಟಾಪಿಗೆ ಗೊಬ್ಬರದ ಚೀಲ ಹೊದಿಸಿಕೊಂಡು ಕಾಲೇಜು ಹುಡುಗ.

"ಎಷ್ಟು?"

"ಮೈನಸ್ 88 ಅಣ್ಣ."

ಪೇಟೆಯಿಂದ ಈ ಮನೆಯ ಕಂಬದ ಡಿಶ್‌ಗೆ ಬರುವ ವೈಫೈ ಸಿಗ್ನಲಿನ ಅಳತೆ ಅದು. ಫೆಬ್ರವರಿಯಲ್ಲಿ ಇದೇ ಕಂಬಕ್ಕೆ ಮೈನಸ್ 60 ಬರುತ್ತಿತ್ತು. ಈ ಲೆಕ್ಕದಲ್ಲಿ ಹತ್ತು ಇಳಿದರೆ ಸಿಗ್ನಲಿನ ಶಕ್ತಿ ಹತ್ತರಲ್ಲೊಂದು ಪಾಲು. ನಾವು 28 ಇಳಿದಿದ್ದೆವು.

ನಮ್ಮದು ಏಳು ಮನೆಗಳನ್ನು ವೈಫೈಯಲ್ಲಿ ಬೆಸೆದ ಜಾಲ. ಇಂಟರ್ನೆಟ್ ಮಾರುವುದಲ್ಲ, ಅದಕ್ಕೆ ಲೈಸೆನ್ಸ್ ಬೇಕು. ಪೇಟೆಯ ಒಂದು ತಾರಸಿ ಮನೆಯಲ್ಲಿ ರಾಸ್ಪ್‌ಬೆರಿ ಪೈ ಎಂಬ ಕೈಯಗಲದ ಕಂಪ್ಯೂಟರ್, ಅದರಲ್ಲಿ ಕನ್ನಡ ವಿಕಿಪೀಡಿಯದ ಪ್ರತಿ, ಮಕ್ಕಳ ಪಾಠ, ಮತ್ತೆ ಎಲ್ಲರೂ ನಿಜವಾಗಿ ನೋಡುತ್ತಿದ್ದ ಒಂದೇ ಪುಟ: ಯಾರ ತೋಟದಲ್ಲಿ ಎಷ್ಟು ಮಳೆ. ವೈಫೈ ಬಳಸುವ 5 ಗಿಗಾಹರ್ಟ್ಸ್ ತರಂಗಪಟ್ಟಿಯ ದೊಡ್ಡ ಭಾಗವನ್ನು 2018ರಲ್ಲಿ ಹೊರಾಂಗಣಕ್ಕೂ ಪರವಾನಗಿಯಿಲ್ಲದೆ ಬಿಟ್ಟುಕೊಟ್ಟ ಮೇಲೆ ನಮ್ಮಂಥವರಿಗೆ ಧೈರ್ಯ ಬಂದಿದ್ದು. ಸ್ಪೇನಿನ ಕ್ಯಾಟಲೋನಿಯಾದಲ್ಲಿ ಹಳ್ಳಿಯವರೇ 2004ರಲ್ಲಿ ಶುರು ಮಾಡಿದ ಇಂಥದ್ದೇ ಜಾಲ ಗ್ವಿಫಿ.ನೆಟ್ 30,000 ಕೊಂಡಿ ದಾಟಿದೆ ಎಂದು ಓದಿ ನಾವೂ ಹುಮ್ಮಸ್ಸಿನಲ್ಲಿದ್ದೆವು. ಏಪ್ರಿಲ್ ಸಿಡಿಲಿಗೆ ಒಂದು ರೇಡಿಯೋ, ಅಂದರೆ ಸಿಗ್ನಲ್ ಕಳಿಸಿ ಹಿಡಿಯುವ ಸಾಧನ, ಸುಟ್ಟುಹೋದಾಗಲೂ ಹುಮ್ಮಸ್ಸು ಇಳಿದಿರಲಿಲ್ಲ.

ಆ ದಿನ ಇಳಿಯಿತು. ಕನೆಕ್ಟರಿಗೆ ನೀರು ಹೊಕ್ಕಿದೆ ಎಂದು ಬದಲಿಸಿದೆವು. ಗಾಳಿಗೆ ದಿಕ್ಕು ತಪ್ಪಿದೆ ಎಂದು ಡಿಶ್ ಅನ್ನು ಕೂದಲೆಳೆಯಷ್ಟು ತಿರುಗಿಸಿ ತಿರುಗಿಸಿ ನೋಡಿದೆವು. ಮೈನಸ್ 87. ಮತ್ತೆ 88.

"ಬೀಳ್ತೀಯ ಕಣಪ್ಪಾ, ಇಳಿ ಮೊದ್ಲು," ಎಂದು ಮನೆಯ ಅಜ್ಜಿ ಕಾಫಿ ಹಿಡಿದು ಬಂದರು. "ಅಲ್ಲ, ನೀವು ಅದನ್ನ ಹಾಕ್ದಾಗ ಆ ಹಾಲವಾಣ ಬೋಳಾಗಿತ್ತಲ್ಲ. ರಾತ್ರಿ ಸ್ಟೇಷನ್ ದೀಪ ಕಾಣ್ತಿತ್ತು. ಈಗೆಲ್ಲಿ ಕಾಣುತ್ತೆ?"

ನಾವು ಮೂವರೂ ಆ ಕಡೆ ನೋಡಿದೆವು. ಎಲೆ ಉದುರುವ ಕಾಲದಲ್ಲಿ ಕೊಂಡಿ ಕಟ್ಟಿ, ಎಲೆ ಬಂದ ಕಾಲದಲ್ಲಿ ಕನೆಕ್ಟರ್ ಬಿಚ್ಚುತ್ತಿದ್ದೆವು! ನೀರು ತುಂಬಿದ ಹಸಿ ಎಲೆ ಈ ತರಂಗವನ್ನು ಕುಡಿದುಬಿಡುತ್ತದೆ. ಹಾಗಂತ ಎದುರಿನ ಕಂಬ ಕಣ್ಣಿಗೆ ಕಂಡರೂ ಸಾಲದು. ಎರಡು ಕಂಬಗಳ ನಡುವೆ ತರಂಗಕ್ಕೆ ಬೇಕಾದ ಜಾಗ ಹೊಟ್ಟೆ ಉಬ್ಬಿದ ಸೌತೆಕಾಯಿಯಂತೆ. ನಮ್ಮ 2 ಕಿಲೋಮೀಟರಿಗೆ ನಟ್ಟನಡುವೆ ಸುತ್ತಲೂ 5 ಮೀಟರ್. ಕಾಗದದ ಮೇಲೆ ಇದನ್ನು ಲೆಕ್ಕ ಹಾಕಿದ್ದವನು ನಾನೇ. ಆದರೆ ಮರ ಬೆಳೆಯುತ್ತದೆ ಎಂಬುದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಮರ ಪಕ್ಕದ ತೋಟದವರದು. ಆಳು ಸಿಗದೆ ಆ ವರ್ಷ ಮರಗಸಿ, ಅಂದರೆ ನೆರಳು ಮರಗಳ ಕೊಂಬೆ ಸವರುವ ಕೆಲಸ, ಆಗಿರಲಿಲ್ಲ. ಹೋಗಿ ಕೇಳಿದೆವು.

"ಈ ಜಾರೋ ಮರಕ್ಕೆ ಯಾರನ್ನ ಹತ್ಸ್ಲಿ? ನಿಮ್ಮ ವೈಫೈಗೆ ಒಬ್ಬನ ಸೊಂಟ ಮುರೀಬೇಕಾ?" ಎಂದರು ಗೌಡರು. ಮಾತು ನ್ಯಾಯವಾಗಿತ್ತು. ಸ್ವಲ್ಪ ಹೊತ್ತು ಬಿಟ್ಟು ಅವರೇ, "ಮೇಲೆ ನೀರಿನ ಟ್ಯಾಂಕ್ ಇದೆಯಲ್ಲ, ಅಲ್ಲಿಂದ ನೋಡಿ" ಎಂದರು.

ಟ್ಯಾಂಕಿನಿಂದ ಪೇಟೆ ತೆರೆದುಕೊಂಡಿತ್ತು. ರೇಡಿಯೋ ಅಲ್ಲಿಗೆ ಸಾಗಿಸಿ, ಸಿಲ್ವರ್ ಮರಗಳಿಗೆ ಬಿಗಿಯುತ್ತಾ ಅಜ್ಜಿಯ ಮನೆವರೆಗೆ ಕೇಬಲ್ ಎಳೆದೆವು. 100 ಮೀಟರ್ ದಾಟಿದರೆ ಈ ಕೇಬಲನ್ನು ನಂಬುವಂತಿಲ್ಲ. ನಮ್ಮದು 80ಕ್ಕೆ ಮುಗಿಯಿತು. ಇಂಬಳಗಳ ಲೆಕ್ಕ ಇಡಲಿಲ್ಲ.

ಕತ್ತಲಾಗುವ ಹೊತ್ತಿಗೆ ಮೈನಸ್ 63. ಹುಡುಗ ಮಳೆಯ ಪುಟ ತೆರೆದು ಓದಿದ: ಹೆತ್ತೂರು ಕಡೆಯ ತೋಟ, 3 ಇಂಚು 20 ಸೆಂಟ್.

"ಅಷ್ಟೇನಾ?" ಎಂದರು ಅಜ್ಜಿ. "ನಮ್ಮದು 4 ದಾಟಿದೆ, ಬರ್ಕೋ."