ಕಾಣಿಕೆಯ ಕವರು

ಈ ಸಲ ನಮ್ಮ ಹುಳು ಚೆನ್ನಾಗಿ ಬಂದಿತ್ತು. ಶಿಡ್ಲಘಟ್ಟ ತಾಲ್ಲೂಕಿನ ಹಳ್ಳಿ ನಮ್ಮದು. ಅರ್ಧ ಊರಿನ ಜೀವನ ರೇಷ್ಮೆ ಮೇಲೇ ನಿಂತಿದೆ. ನಾವು ನೂರು ಮೊಟ್ಟೆ ಮೇಯಿಸಿದ್ದೆವು; ಒಂದು ಚಿಟ್ಟೆ ಇಟ್ಟ ಮೊಟ್ಟೆಗಳ ಇಡೀ ಗುಂಪಿಗೆ ನಮ್ಮ ಕಡೆ ಒಂದು ಮೊಟ್ಟೆ ಅನ್ನುತ್ತಾರೆ. ನಾಲ್ಕನೇ ಜ್ವರ, ಅಂದರೆ ಕೊನೆಯ ಸಲ ಪೊರೆ ಬಿಡುವ ನಿದ್ದೆ, ಎದ್ದ ಮೇಲೆ ಹುಳುವಿಗೆ ಸೊಪ್ಪು ಎಷ್ಟು ಹಾಕಿದರೂ ಸಾಲದು. ಆ ಒಂದು ವಾರ ಮನೆಯಲ್ಲಿ ಯಾರೂ ನೆಟ್ಟಗೆ ಮಲಗಲ್ಲ.

ಹುಳು ಹಣ್ಣಾಗಿ ಗೂಡು ಕಟ್ಟೋಕೆ ಸಿದ್ಧವಾಯಿತು ಅಂದರೆ ಇನ್ನು ಕಾಯೋ ಹಾಗಿಲ್ಲ. ಅದೇ ದಿನ ಆರಿಸಿ, ಹುಳು ಗೂಡು ಕಟ್ಟೋ ತಟ್ಟೆಗೆ, ಅಂದರೆ ಚಂದ್ರಿಕೆಗೆ ಬಿಡಬೇಕು. ಮನೆಯವರ ಕೈ ಸಾಲದೆ ಹಿಂದಿನ ಬೀದಿಯ ಒಬ್ಬರನ್ನು ಕೂಲಿಗೆ ಕರೆದೆ. ನನಗಿಂತ ಹದಿನೈದು ವರ್ಷ ದೊಡ್ಡವರು. ಹುಳು ಬಿಡೋದಕ್ಕೆ ಒಂದು ದಿನ, ಗೂಡು ಬಿಡಿಸೋದಕ್ಕೆ ಎರಡು ದಿನ ಬಂದರು. ಅವರು ಗೂಡು ಬಿಡಿಸೋದನ್ನು ನೋಡಬೇಕು. ಹೆಬ್ಬೆರಳಲ್ಲಿ ಸುಮ್ನೆ ಒತ್ತಿದ ಹಾಗೆ ಮಾಡುತ್ತಾರೆ, ಗೂಡು ನಜ್ಜಾಗದೆ ಈಚೆ ಬರುತ್ತದೆ. ಕಲೆಯಾದ ಗೂಡು ಬೇರೆ, ಒಳ್ಳೆ ಗೂಡು ಬೇರೆ, ನೋಡದೇ ವಿಂಗಡಿಸುತ್ತಾರೆ. ಸಂಜೆಯ ಹೊತ್ತಿಗೆ ಅವರ ಬೆರಳ ತುದಿಗೆಲ್ಲ ನೂಲು ಸುತ್ತಿಕೊಂಡು ಬೆಳ್ಳಗಾಗಿರುತ್ತಿತ್ತು.

ಶನಿವಾರ ಗೂಡು ಮಾರುಕಟ್ಟೆಗೆ ಹೋಯಿತು. ನಾನೂ ಜೊತೆಗೆ ಹೋಗಿದ್ದೆ. ರೇಟು ಪರವಾಗಿಲ್ಲ ಅನ್ನೋ ಹಾಗಿತ್ತು. ಆದರೆ ಈಗ ದುಡ್ಡು ಕೈಗೆ ಬರಲ್ಲ, ಬ್ಯಾಂಕ್ ಖಾತೆಗೆ ಬರುತ್ತದೆ. ಅವತ್ತು ಎರಡನೇ ಶನಿವಾರ, ಬ್ಯಾಂಕಿಗೆ ರಜೆ. ನಮ್ಮ ಗೂಡು ಕೊಂಡ, ನೂಲು ತೆಗೆಸುವ ರೀಲರ್ ಅಣ್ಣ "ಸೋಮವಾರ ಬೀಳುತ್ತೆ ಬಿಡಮ್ಮ" ಅಂದರು. ನನಗೆ ಸಿಟ್ಟು ಬಂತು. "ಇಪ್ಪತ್ತೈದು ದಿನ ಕಷ್ಟಪಟ್ಟಿದ್ದೀವಿ ಅಣ್ಣ. ಇವತ್ತು ಆಗಲ್ಲ ಅಂದರೆ ಮೊದಲೇ ಹೇಳಬೇಕಿತ್ತು, ಹೀಗೆ ಕಾಯಿಸಬಾರದು" ಅಂದೆ. ನಾಲ್ಕು ಜನ ತಿರುಗಿ ನೋಡಿದರು.

ಸಂಜೆ ಮನೆಗೆ ಬಂದರೆ ಅವರು ಜಗಲಿ ಮೇಲೆ ಕೂತಿದ್ದರು. ಕೂಲಿಗೆ. ದಿನಕ್ಕೆ ಮುನ್ನೂರೈವತ್ತು, ಮೂರು ದಿನಕ್ಕೆ ಸಾವಿರದೈವತ್ತು.

"ದುಡ್ಡು ಇನ್ನೂ ಬಂದಿಲ್ಲ, ಸೋಮವಾರ ಬಾ" ಅಂದೆ.

ಅವರು ಏನೂ ಹೇಳಲಿಲ್ಲ. ಸೆರಗು ಸರಿ ಮಾಡಿಕೊಂಡು ಎದ್ದು ಹೋದರು.

ನಾನು ಸುಳ್ಳು ಹೇಳಲಿಲ್ಲ ಅಂತ ಅವತ್ತು ಅಂದುಕೊಂಡೆ. ದುಡ್ಡು ಬಂದಿರಲಿಲ್ಲ, ನಿಜ. ಆದರೆ ಬೀರುವಿನಲ್ಲಿ ಸಾವಿರದ ನೂರು ರೂಪಾಯಿ ಇತ್ತು. ಬೆಳೆ ಚೆನ್ನಾಗಿ ಬಂದರೆ ದೇವರಿಗೆ ಅಂತ ಎತ್ತಿಟ್ಟಿದ್ದೆ. ರಾತ್ರಿ ಅದನ್ನು ಚರ್ಚಿನ ಕವರಿಗೆ ಹಾಕಿ, 'ಕೃತಜ್ಞತಾ ಕಾಣಿಕೆ' ಅಂತ ಅಚ್ಚಾದ ಕಡೆ ನಮ್ಮ ಕುಟುಂಬದ ಹೆಸರು ಬರೆದೆ. ಚೆಂದವಾಗಿ ಬರೆಯಬೇಕು ಅಂತ ಎರಡು ಸಲ ಪೆನ್ನು ಬದಲಾಯಿಸಿದೆ.

ಭಾನುವಾರ ಚರ್ಚಿನಲ್ಲಿ ಕರ್ತನ ಭೋಜನ ಇತ್ತು, ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳೋ ಆರಾಧನೆ. ನಮ್ಮೂರಿಂದ ಚಿಕ್ಕಬಳ್ಳಾಪುರದ ಚರ್ಚಿಗೆ ಸ್ಕೂಟಿಯಲ್ಲಿ ಅರ್ಧ ಗಂಟೆ. ಪಾಪದ ಅರಿಕೆಗೆ ಮುಂಚೆ ಸಭಾಪಾಲಕರು ಸ್ವಲ್ಪ ಹೊತ್ತು ಮೌನವಾಗಿರಲು ಹೇಳುತ್ತಾರೆ. ಬೈಬಲಿನ ಮೊದಲ ಕೊರಿಂಥ 11:28ರಲ್ಲಿ ಪೌಲನು ಹೇಳೋದು ಇದನ್ನೇ. ಪ್ರತಿಯೊಬ್ಬರೂ ತಮ್ಮನ್ನು ತಾವು ಪರೀಕ್ಷಿಸಿಕೊಂಡು ಆಮೇಲೆ ಆ ರೊಟ್ಟಿ ತಿನ್ನಬೇಕು. ನಾನು ಆ ಮೌನದಲ್ಲಿ ಸಾಮಾನ್ಯವಾಗಿ ಬೇರೆಯವರ ಲೆಕ್ಕ ಹಾಕುತ್ತಿದ್ದೆ, ಯಾರು ನನ್ನನ್ನು ನೋಯಿಸಿದರು, ಯಾರನ್ನು ಕ್ಷಮಿಸಬೇಕು ಅಂತ. ಅವತ್ತೂ ರೀಲರ್ ಅಣ್ಣನೇ ಮನಸ್ಸಿಗೆ ಬಂದರು. ಅವರನ್ನು ಕ್ಷಮಿಸಿಬಿಡೋಣ ಅಂದುಕೊಳ್ಳುತ್ತಿದ್ದೆ. 'ಸೋಮವಾರ' ಅನ್ನೋ ಮಾತು ನೆನಪಾಯಿತು. ಅದು ಅವರ ಬಾಯಲ್ಲಿ ಕೇಳಿಸಲಿಲ್ಲ. ನನ್ನ ಬಾಯಲ್ಲಿ ಕೇಳಿಸಿತು.

ಸಂಡೇ ಸ್ಕೂಲಿನಲ್ಲಿ ನಾನೇ ಮಕ್ಕಳಿಗೆ ಮತ್ತಾಯ 7:12 ಬಾಯಿಪಾಠ ಮಾಡಿಸುತ್ತೇನೆ. ಜನ ನಿಮಗೆ ಏನು ಮಾಡಬೇಕು ಅಂತ ಬಯಸುತ್ತೀರೋ ಅದನ್ನೇ ನೀವು ಅವರಿಗೆ ಮಾಡಿ ಅನ್ನೋ ವಚನ. ಕೂಲಿಯವನ ಕೂಲಿ ಬೆಳಗಿನ ತನಕ ನಿನ್ನ ಹತ್ತಿರ ಇರಬಾರದು ಅಂತ ಯಾಜಕಕಾಂಡ 19:13ರಲ್ಲಿ ಇರೋದೂ ನನಗೆ ಗೊತ್ತು. ಒಂದು ರಾತ್ರಿಯೂ ಇಟ್ಟುಕೊಳ್ಳಬಾರದು. ನಾನು ಇಟ್ಟುಕೊಂಡಿದ್ದೆ, ಅದೂ ದೇವರ ಹೆಸರಲ್ಲಿ. ಇನ್ನೊಂದು ಮಾತು ಆಗಲೇ ಹೊಳೆಯಿತು. ಮಾರುಕಟ್ಟೆಯಲ್ಲಿ ಆ ಮನುಷ್ಯನಿಗೆ ಸಿಟ್ಟಿನಲ್ಲೂ 'ಅಣ್ಣ' ಅಂದಿದ್ದೆ. ಅಮ್ಮನ ವಯಸ್ಸಿನ ಹತ್ತಿರದವರಿಗೆ 'ಬಾ' ಅಂದಿದ್ದೆ.

ಕಾಣಿಕೆಯ ಚೀಲ ನಮ್ಮ ಬೆಂಚಿಗೆ ಬಂತು. ನಾನು ಕವರು ಹಾಕಲಿಲ್ಲ. ಕಾಣಿಕೆ ಕೊಡೋಕೆ ಬಂದಾಗ ನಿನ್ನ ಮೇಲೆ ಯಾರಿಗಾದರೂ ಬೇಸರ ಇರೋದು ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ಅವರ ಜೊತೆ ಸರಿ ಮಾಡಿಕೋ ಅಂತ ಯೇಸು ಹೇಳಿದ್ದಾನೆ, ಮತ್ತಾಯ 5ರಲ್ಲಿ. ನನ್ನದು ಬಿಟ್ಟು ಹೋಗೋ ಕಾಣಿಕೆಯೂ ಅಲ್ಲ. ಅದು ಅವರದೇ ದುಡ್ಡು. ಮನೆಯವರ ಕಿವಿಯಲ್ಲಿ ಒಂದು ಮಾತು ಹೇಳಿ, ಸ್ಕೂಟಿ ಕೀ ಇಸಕೊಂಡು ಎದ್ದೆ. ಭೋಜನಕ್ಕೆ ಮುಂಚೆ ಎದ್ದು ಹೋಗೋದನ್ನು ಎಲ್ಲರೂ ನೋಡಿದರು.

ಅವರು ಮನೆ ಮುಂದೆ ಪಾತ್ರೆ ತಿಕ್ಕುತ್ತಿದ್ದರು. ಬೂದಿಯ ಕೈಯಲ್ಲೇ ಎದ್ದು ನಿಂತರು.

"ಅಕ್ಕ, ನಿನ್ನೆ ನನ್ನ ಹತ್ತಿರ ದುಡ್ಡು ಇತ್ತು. ಇಟ್ಟುಕೊಂಡೇ ಇಲ್ಲ ಅಂದೆ. ತಪ್ಪಾಯಿತು" ಅಂದೆ.

ಅವರು ನನ್ನ ಮುಖ ನೋಡಿದರು. "ಮೊಮ್ಮಗ ಬೆಳಿಗ್ಗೆ ಮೊದಲ ಬಸ್ಸಿಗೆ ಹಾಸ್ಟೆಲ್‌ಗೆ ಹೋಗಬೇಕಿತ್ತು ಕಣಮ್ಮ. ರಾತ್ರಿ ಮೂರು ಮನೆ ಸುತ್ತಿ ಐನೂರು ಕೈಗಡ ತಂದೆ. ಮೂರು ಮನೇಲಿ ಬಾಯಿ ಬಿಡಬೇಕಾಯ್ತು."

ನನಗೆ ಏನು ಹೇಳಬೇಕೋ ತೋಚಲಿಲ್ಲ. ಕವರು ಕೊಟ್ಟೆ. ಅವರು ಕೈ ತೊಳೆದು, ಸೆರಗಿಗೆ ಒರೆಸಿಕೊಂಡು ನೋಟು ಎಣಿಸಿದರು. ಆಮೇಲೆ ಒಳಗೆ ಹೋದರು. ಡಬ್ಬಿ ಬಿಚ್ಚೋ ಸದ್ದು ಕೇಳಿಸಿತು. ಈಚೆ ಬಂದಾಗ ಕೈಯಲ್ಲಿ ಎರಡು ಇಪ್ಪತ್ತರ ನೋಟು, ಒಂದು ಹತ್ತರ ನಾಣ್ಯ. ಕವರಿನೊಳಗೆ ಹಾಕಿ ನನಗೆ ವಾಪಸ್ ಕೊಟ್ಟರು.

"ಇರಲಿ ಅಕ್ಕ" ಅಂದೆ.

"ಬೇಡಮ್ಮ. ನನ್ನದು ಸಾವಿರದೈವತ್ತು" ಅಂದರು. ಮತ್ತೆ ಪಾತ್ರೆ ಮುಂದೆ ಕೂತು, ತಲೆ ಎತ್ತದೆ ಹೇಳಿದರು: "ಮುಂದಿನ ಬೆಳೆಗೂ ಬರ್ತೀನಿ. ದುಡ್ಡು ಆಗಲ್ಲ ಅಂದ್ರೆ ಮೊದಲೇ ಹೇಳಿಬಿಡು. ಕಾಯಿಸಬೇಡ."