ತ್ರಿಕೋನದ ತುದಿಗೆ ಯಾವಾಗಲೂ ‘ಎ’

ದಾವಣಗೆರೆಯ ಪ್ರೌಢಶಾಲೆಯೊಂದರಲ್ಲಿ ನಾನು ಗಣಿತ ವಿಭಾಗದ ಮುಖ್ಯಸ್ಥೆಯಾದದ್ದು ಹಿರಿತನದಿಂದಲ್ಲ, ಕಂಪ್ಯೂಟರಿನಲ್ಲಿ ಅಂಕಪಟ್ಟಿ ಮಾಡಲು ಬರುತ್ತಿತ್ತು ಎಂಬ ಕಾರಣಕ್ಕೆ. ನನಗಿಂತ ಹನ್ನೆರಡು ವರ್ಷ ಮೊದಲೇ ಆ ಶಾಲೆಗೆ ಬಂದಿದ್ದ ಮೇಷ್ಟ್ರೊಬ್ಬರು ನನ್ನ ವಿಭಾಗದಲ್ಲಿದ್ದರು. ನನ್ನನ್ನು ‘ಏನಮ್ಮಾ’ ಎಂದೇ ಕರೆಯುತ್ತಿದ್ದರು.

ಆ ವರ್ಷ ನನ್ನನ್ನು ಮೂರು ದಿನದ ನಾಯಕತ್ವ ತರಬೇತಿಗೆ ಕಳಿಸಿದರು. ಶಿಕ್ಷಕರಿಗೂ ಮುಖ್ಯೋಪಾಧ್ಯಾಯರಿಗೂ ವರ್ಷಕ್ಕೆ 50 ಗಂಟೆಯಾದರೂ ಇಂಥ ಕಲಿಕೆ ಇರಬೇಕೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳುತ್ತದೆ. ಅವರಿಬ್ಬರ ನಡುವೆ ಸಿಕ್ಕಿಕೊಂಡವರು ಹಿರಿಯ ಸಹೋದ್ಯೋಗಿಯ ಮುಂದೆ ಹೇಗೆ ನಿಲ್ಲಬೇಕೆಂಬ ಮಾತು ಮಾತ್ರ ಆ ಮೂರು ದಿನದಲ್ಲಿ ಬರಲಿಲ್ಲ. ಊಟ ಚೆನ್ನಾಗಿತ್ತು. ಬರುವಾಗ ಪಾಠ ವೀಕ್ಷಣೆಯ ನಮೂನೆಯೊಂದನ್ನು ಕೊಟ್ಟರು.

ಸೋಮವಾರವೇ ಅದನ್ನು ಹಿಡಿದು ಮೇಷ್ಟ್ರ ತರಗತಿಯ ಕೊನೆಯ ಬೆಂಚಿನಲ್ಲಿ ಕುಳಿತೆ. ‘ಕಪ್ಪುಹಲಗೆಯ ಬಳಕೆ: ಸಾಧಾರಣ’ ಎಂದು ಗುರುತು ಹಾಕಿದೆ. ಅವರು ಓದಿ, “ಸಹಿ ಎಲ್ಲಿ ಮಾಡಬೇಕು, ಮೇಡಂ?” ಎಂದರು. ಮುಂದೆ ಎರಡು ತಿಂಗಳು ನಾನು ಬರೀ ಮೇಡಂ. ಯಾವ ಪಾಠಕ್ಕೆ ಎಷ್ಟು ಅಂಕ ಎಂದು ಹಂಚುವ ಪ್ರಶ್ನೆಪತ್ರಿಕೆಯ ನೀಲನಕ್ಷೆ ಕೇಳಿದರೆ, “ನೀವೇ ಮಾಡಿಬಿಡಿ” ಎನ್ನುತ್ತಿದ್ದರು. ರಾತ್ರಿ ಕುಳಿತು ಎಲ್ಲರ ಪಾಲಿನದನ್ನೂ ನಾನೇ ಮಾಡುತ್ತಿದ್ದೆ. ಮುಖ್ಯಸ್ಥೆಯ ಕೆಲಸವೆಂದರೆ ಇದೇ ಎಂದುಕೊಂಡಿದ್ದೆ!

ಪರೀಕ್ಷೆಯಲ್ಲಿ ನನ್ನ ಹತ್ತನೇ ತರಗತಿಯ ಮಕ್ಕಳು ಥೇಲ್ಸ್‌ನ ಪ್ರಮೇಯದಲ್ಲಿ (ತ್ರಿಕೋನದ ಒಂದು ಬಾಹುವಿಗೆ ಸಮಾಂತರವಾಗಿ ಎಳೆದ ಗೆರೆ ಉಳಿದೆರಡು ಬಾಹುಗಳನ್ನು ಒಂದೇ ಅನುಪಾತದಲ್ಲಿ ಭಾಗಿಸುತ್ತದೆ ಎಂಬುದು) ಎಡವಿದರು. ಅದನ್ನು ಸಾಧಿಸುವ ಹೆಜ್ಜೆಗಳು ಬಾಯಿಪಾಠವಾಗಿದ್ದವು, ತ್ರಿಕೋನಕ್ಕೆ ‘ಎಬಿಸಿ’ ಬದಲು ‘ಪಿಕ್ಯೂಆರ್’ ಎಂದು ಕೊಟ್ಟದ್ದೇ ತಡ, ಕೈ ನಿಂತಿತ್ತು. ಮೇಷ್ಟ್ರು ಪಾಠ ಮಾಡುವ ಹತ್ತನೇ ತರಗತಿಯ ಇನ್ನೊಂದು ಸೆಕ್ಷನ್‌ನಲ್ಲಿ ಹೆಚ್ಚಿನವರು ಬರೆದಿದ್ದರು. ಅಳುಕುತ್ತಲೇ ಕೇಳಿದೆ: “ಸರ್, ಒಂದು ದಿನ ನನ್ನ ಪಾಠಕ್ಕೆ ಬಂದು ಕೂರುತ್ತೀರಾ?”

ಬಂದರು. ಕೈಯಲ್ಲಿ ಪೆನ್ನೂ ಇರಲಿಲ್ಲ. ಪಾಠ ಮುಗಿದ ಮೇಲೆ ವರಾಂಡದಲ್ಲಿ ಹೇಳಿದರು: “ಪ್ರಶ್ನೆಯೆಲ್ಲ ಮುಂದಿನ ಎರಡು ಬೆಂಚಿಗೇ ಹೋಯಿತು. ಚಿತ್ರವನ್ನು ಪ್ರತಿ ಸಲ ನೀವೇ ಬರೆದಿರಿ, ತುದಿಗೆ ಯಾವಾಗಲೂ ‘ಎ’. ನಾನು ಮಕ್ಕಳ ಕೈಯಲ್ಲೇ ಬರೆಸಿ, ಅವರವರ ಹೆಸರಿನ ಅಕ್ಷರ ಇಡಿಸುತ್ತೇನೆ.” ಇಪ್ಪತ್ತೊಂದು ಕಲಮುಗಳ ಆ ನಮೂನೆಯಲ್ಲಿ ಇದಕ್ಕೊಂದು ಜಾಗವೇ ಇರಲಿಲ್ಲ.

ಅಂದಿನಿಂದ ವಿಭಾಗದ ಸಭೆಯಲ್ಲಿ ಸುತ್ತೋಲೆ ಓದುವುದನ್ನು ಬಿಟ್ಟೆ. ಅದನ್ನು ಗೋಡೆಗೆ ಅಂಟಿಸಿದರೆ ಸಾಕು. ವಾರಕ್ಕೊಂದು ತಪ್ಪು ಉತ್ತರವನ್ನು ಮೇಜಿನ ಮೇಲಿಟ್ಟು ಮಾತನಾಡತೊಡಗಿದೆವು. ಮೊದಲ ವಾರ ನನ್ನ ವಿದ್ಯಾರ್ಥಿಯದೇ ಇಟ್ಟೆ. ಎರಡನೇ ವಾರವೂ ಯಾರೂ ತರದೆ ನನ್ನದೇ ಆಯಿತು. ಮೂರನೇ ವಾರ ಮೇಷ್ಟ್ರು ತಮ್ಮ ಎಂಟನೇ ತರಗತಿಯ ಹಾಳೆ ತಂದರು. ಆವರಣದ ಹೊರಗೆ ಋಣ ಚಿಹ್ನೆಯಿದ್ದರೆ ಅರ್ಧ ತರಗತಿ ಒಳಗಿನ ಎರಡನೇ ಪದದ ಚಿಹ್ನೆಯನ್ನು ಬದಲಿಸುತ್ತಲೇ ಇರಲಿಲ್ಲ.

“ಏನಮ್ಮಾ, ನಾಳೆ ಎರಡನೇ ಪೀರಿಯಡ್ ಬಿಡುವಿದೆಯಾ? ಬಂದು ನೋಡು. ಆ ನಮೂನೆ ಮಾತ್ರ ತರಬೇಡ.”